ಬಿಚ್ಚಿಟ್ಟ ತೊಟ್ಟಿಲನ್ನು ಓದಿದವರು

ಕುಶಲಕಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೈಗಳ ಬಗ್ಗೆ ಬರೆಯುತ್ತಾರೆ. ಆ ಕೈಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ವಿದ್ಯೆಯನ್ನು ದಾಟಿಸುವಷ್ಟು ಕಾಲ ನಿಶ್ಚಿಂತೆಯಾಗಿರಲೆಂದು ಯಾವುದೋ ಕಚೇರಿಯ ಎರಡನೆಯ ಮಹಡಿಯಲ್ಲಿ ಕುಳಿತು ಕಡತಗಳನ್ನು ಮುಂದೆ ತಳ್ಳಿದವರ ಬಗ್ಗೆ ಯಾರೂ ಬರೆಯುವುದಿಲ್ಲ. ಕಲಾ ಅನುದಾನ ಕಚೇರಿಯ ಶಿಷ್ಯವೇತನ ವಿಭಾಗದಲ್ಲಿ ಮೂವತ್ತಮೂರು ವರ್ಷಗಳ ಸೇವೆ ಸಲ್ಲಿಸಿ ಇದೀಗ ನಿವೃತ್ತರಾಗುತ್ತಿರುವ, ನಮ್ಮೆಲ್ಲರ ಬಾಯಲ್ಲಿ ‘ಅರ್ಜಿ ಮೇಷ್ಟ್ರು’ ಎಂದೇ ಹೆಸರಾದ ಹಿರಿಯರು ಅಂಥವರಲ್ಲಿ ಅಗ್ರಗಣ್ಯರು. ಅವರು ಹಾಡಿದವರಲ್ಲ, ಕೆತ್ತಿದವರಲ್ಲ; ಗೋಡೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆಯಲು ಬಾರದವರೆಂದು ಅವರ ಶ್ರೀಮತಿಯವರೇ ಆಣೆ ಮಾಡಿ ಹೇಳುತ್ತಾರೆ. ಆದರೂ ಮರ ಕೆತ್ತುವ, ಗಂಟೆಗೆ ಎರಕ ಹೊಯ್ಯುವ, ನೂಲಿಗೆ ಬಣ್ಣ ಕೂರಿಸುವ ಎಷ್ಟೋ ಜನ ತಾವು ಈ ಕೆಲಸದಲ್ಲಿ ಉಳಿದದ್ದು ಅವರಿಂದಲೇ ಎನ್ನುತ್ತಾರೆ. ಬೆತ್ತ ಹೆಣೆಯುವ ನಾನೂ ಆ ಸಾಲಿನವಳು. ಅವರ ಈ ಅಭಿನಂದನ ಗ್ರಂಥಕ್ಕೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ನನ್ನ ಕೈ ಬೆತ್ತಕ್ಕೆ ಒಗ್ಗಿದಷ್ಟು ಲೇಖನಿಗೆ ಒಗ್ಗಿಲ್ಲವೆಂದು ಹಿಂಜರಿದೆ. “ಅರ್ಜಿ ಬರೆದಿದ್ದೀರಲ್ಲ, ಅಷ್ಟು ಬಂದರೆ ಸಾಕು” ಎಂದರು. ಆ ಅರ್ಜಿಯನ್ನು ನಾನು ಐದು ಸಲ ಬರೆಯಬೇಕಾಯಿತೆಂಬುದು ಪಾಪ ಅವರಿಗೆ ತಿಳಿಯದು.

ಮೇಷ್ಟ್ರು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬೆರಳಚ್ಚುಗಾರರಾಗಿ ಆ ಕಚೇರಿಗೆ ಸೇರಿದರು. ಹನ್ನೆರಡನೆಯ ವರ್ಷಕ್ಕೆ ವಿಭಾಗಾಧಿಕಾರಿಗಳಾದರು. ಆಮೇಲೆ ಬಂದ ಬಡ್ತಿಗಳನ್ನು, ಮೇಲಿನ ಮಹಡಿಯಲ್ಲಿ ಕಿಟಕಿಗಳಿಲ್ಲವೆಂಬ ವಿಚಿತ್ರ ಕಾರಣ ಕೊಟ್ಟು, ಬೇಡವೆಂದು ಬರೆದುಕೊಟ್ಟರು. ಅವರ ಮೇಜಿನ ಎಡಕ್ಕೆ ಆಳೆತ್ತರದ ಒಂದು ಕಿಟಕಿ. ಮಧ್ಯಾಹ್ನದ ಬಿಸಿಲು ಅದರ ಹಳೆಯ ಗಾಜಿನಲ್ಲಿ ಸೋಸಿ, ನೀರಿನೊಳಗಿನ ಬೆಳಕಿನಂತೆ ಕಡತಗಳ ಮೇಲೆ ನಿಧಾನವಾಗಿ ಅಲುಗುತ್ತಿತ್ತು. ಫ್ಯಾನು ಅರೆಮನಸ್ಸಿನಿಂದ ತಿರುಗುತ್ತಿತ್ತು. ಆ ಬೆಳಕಿನಲ್ಲಿ ಅರೆಗಣ್ಣು ಮುಚ್ಚಿ, ಗದ್ದಕ್ಕೆ ಕೈಕೊಟ್ಟು ಕೂತಿರುತ್ತಿದ್ದ ಅವರನ್ನು ಕಂಡವರು, ಮನುಷ್ಯ ಸರ್ಕಾರಿ ಖರ್ಚಿನಲ್ಲಿ ನಿದ್ದೆ ಹೊಡೆಯುತ್ತಿದ್ದಾನೆಂದೇ ತಿಳಿಯುತ್ತಿದ್ದರು. ಅಕ್ಷರ ಬಾರದ ವೀಣೆಗಾರರೊಬ್ಬರಿಗೆ ಇಪ್ಪತ್ತೆರಡು ಕಾಲಂಗಳನ್ನೂ ಒಂದೊಂದಾಗಿ ಮೂರು ಮೂರು ಸಲ ಓದಿಹೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಂಡದ್ದು ಅದೇ ಮೇಜಿನ ಮೇಲೆ. ಕಿವಿ ಮಂದವಾದ ಗಂಟೆಗಾರರ ಪಕ್ಕಕ್ಕೆ ತಮ್ಮ ಕುರ್ಚಿಯನ್ನೇ ಎಳೆದುಕೊಂಡು, ಕಚೇರಿಗೆಲ್ಲ ಕೇಳುವಂತೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡದ್ದೂ ಅಲ್ಲೇ.

ಹಾಗೆಂದು ಅವರನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕುವ ಉದ್ದೇಶ ನನ್ನದಲ್ಲ. ಮೇಷ್ಟ್ರು ಹಠಮಾರಿ. ಅರ್ಜಿಯಲ್ಲಿ ಒಂದಕ್ಷರ ಹೊಡೆದುಹಾಕಿದ್ದರೆ ಮತ್ತೆ ಬರೆಸುವವರು, ಬಿಳಿ ಬಣ್ಣ ಬಳಿದು ತಿದ್ದಿದ್ದರಂತೂ ಹಾವು ತುಳಿದವರಂತೆ ಬೆಚ್ಚುವವರು. “ಸಮಿತಿಯವರಿಗೆ ತಳ್ಳಿಹಾಕೋಕೆ ಒಂದು ನೆಪ ಸಾಕಮ್ಮ. ಆ ನೆಪ ನಾವ್ಯಾಕೆ ಕೊಡೋಣ?” ಎಂದು ನನ್ನ ಅರ್ಜಿಯನ್ನು ನಾಲ್ಕು ಸಲ ವಾಪಸು ಕೊಟ್ಟರು. ನಾಲ್ಕನೆಯ ಸಲ ಮೆಟ್ಟಿಲು ಇಳಿಯುವಾಗ ನಾನು ಅವರಿಗೆ ಹಾಕಿದ ಶಾಪವನ್ನು ಅಭಿನಂದನ ಗ್ರಂಥದಲ್ಲಿ ಅಚ್ಚು ಹಾಕುವಂತಿಲ್ಲ.

ಆ ಅರ್ಜಿಯ ಕತೆಯನ್ನು ಹೇಳದೆ ಅವರ ಬಗ್ಗೆ ನಾನು ಬೇರೇನು ಹೇಳಿದರೂ ಅದು ಬರಿಯ ಶಿಷ್ಟಾಚಾರವಾದೀತು. ಹದಿಮೂರು ವರ್ಷಗಳ ಹಿಂದಿನ ಮಾತು. ನನಗಾಗ ಇಪ್ಪತ್ತೇಳು. ಬೆಳಗ್ಗೆ ಅಣ್ಣನ ಔಷಧಿ ಅಂಗಡಿಯಲ್ಲಿ ಅರ್ಧ ದಿನ ಕೆಲಸ. ಉಳಿದರ್ಧ ದಿನ ನಮ್ಮ ಹಿಂದಿನ ಗಲ್ಲಿಯ ಬೆತ್ತದಜ್ಜಿಯ ಬಳಿ. ಮೊಳೆಯಿಲ್ಲದೆ, ದಾರವಿಲ್ಲದೆ, ಬೆತ್ತವನ್ನು ಬೆತ್ತದಿಂದಲೇ ಹಿಡಿದು ನಿಲ್ಲಿಸುವ ತೊಟ್ಟಿಲನ್ನು ಹೆಣೆಯಬಲ್ಲವರು ಆಗ ಉಳಿದಿದ್ದದ್ದು ಅಜ್ಜಿಯೊಬ್ಬರೇ. ಅವರ ಕೋಣೆ ಎರಡಾಳು ಅಗಲ, ನಾಲ್ಕಾಳು ಉದ್ದ. ಒಂದು ಮೂಲೆಯಲ್ಲಿ ನೀರಿನ ತೊಟ್ಟಿ. ಅದರೊಳಗೆ ಬೆತ್ತ ನೆನೆಯುತ್ತಿರುವಾಗ ಏಳುವ, ಹಸಿ ಮಣ್ಣಿಗೂ ಹಳೇ ಪುಸ್ತಕಕ್ಕೂ ನಡುವಿನ ವಾಸನೆ. ಅಲ್ಲಿ ಕೂತರೆ ಗಡಿಯಾರ ಮರೆತುಹೋಗುತ್ತಿತ್ತು. ಒಂದರ ಮೇಲೆ, ಎರಡರ ಕೆಳಗೆ, ಒಂದರ ಮೇಲೆ, ಎರಡರ ಕೆಳಗೆ ಎಂದು ಬೆರಳುಗಳು ತಮ್ಮಷ್ಟಕ್ಕೆ ಹೋಗುತ್ತಿರುವಾಗ, ಬೀದಿಯ ಸದ್ದುಗಳು ಯಾವುದೋ ದೂರದ ಊರಿನವೆಂಬಂತೆ ಬಂದು ಹೋಗುತ್ತಿದ್ದವು. ಎಷ್ಟೋ ದಿನ ನಾನು ಎಚ್ಚರದಲ್ಲಿದ್ದೆನೋ ಕನಸಿನಲ್ಲಿದ್ದೆನೋ ಎಂದು ಮನೆಗೆ ನಡೆಯುವಾಗ ಅನುಮಾನವಾಗುತ್ತಿತ್ತು.

ಅಜ್ಜಿಗೆ ಅರವತ್ತೆಂಟು. ಬಲಗೈ ಹೆಬ್ಬೆರಳು ಆಗಲೇ ಮರಗಟ್ಟಲು ಶುರುವಾಗಿತ್ತು. ತೊಟ್ಟಿಲಿನ ಜೀವವೆಲ್ಲ ಅಂಚಿನಲ್ಲಿ; ಅಂಚು ಕಟ್ಟುವುದು ಹೆಬ್ಬೆರಳಿನಲ್ಲಿ. ಹಿಡಿತ ಇನ್ನೊಂದು ವರ್ಷವೋ, ಹೆಚ್ಚೆಂದರೆ ಒಂದೂವರೆ ವರ್ಷವೋ ಉಳಿದೀತೆಂದು ವೈದ್ಯರು ಹೇಳಿದ್ದರು. ಅರ್ಧ ದಿನದ ಕಲಿಕೆಯಲ್ಲಿ ನಾನು ಅಂಚಿನ ಹತ್ತಿರ ಬರಲು ಮೂರು ವರ್ಷವಾದರೂ ಬೇಕಿತ್ತು. ಇಡೀ ದಿನ ಕೂರಬೇಕಾದರೆ ಅಂಗಡಿ ಬಿಡಬೇಕು. ಅಂಗಡಿ ಬಿಡಬೇಕಾದರೆ ಶಿಷ್ಯವೇತನ ಬೇಕು. ಅಣ್ಣನಿಗೆ ಇದೆಲ್ಲ ಹುಚ್ಚಾಟ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಇಪ್ಪತ್ತೇಳು ವರ್ಷಕ್ಕೆ ಬುಟ್ಟಿ ಹೆಣೆಯೋದು ಕಲೀತಾಳಂತೆ! ಈ ತಿಂಗಳ ಕೊನೆವರೆಗೂ ನೋಡ್ತೀನಿ. ಕಾಗದ ಬರಲಿಲ್ಲ ಅಂದ್ರೆ ಇಡೀ ದಿನ ಕೌಂಟರಿಗೆ ಬಂದು ನಿಂತ್ಕೋ, ಇಲ್ಲಾಂದ್ರೆ ಬೇರೆಯವರನ್ನ ಇಟ್ಕೋತೀನಿ” ಎಂದಿದ್ದ. ನಾನು ಹೋಗಿ ಅಜ್ಜಿಯ ಮುಂದೆ ಈ ಗಾದೆ ಹೇಳಿಕೊಂಡು ಅತ್ತೆ. ಅಜ್ಜಿ ನಕ್ಕುಬಿಟ್ಟರು: “ಅಯ್ಯೋ ಹುಚ್ಚಿ, ಆ ಗಾದೆ ಮರಕ್ಕೆ. ಬೆತ್ತ ನೆನೆಸಿದ್ರೆ ಯಾವ ವಯಸ್ಸಲ್ಲೂ ಬಗ್ಗುತ್ತೆ.”

ಈಗ ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು, ಎಡವಟ್ಟಾದದ್ದು ಅದರಿಂದಲೇ. ಕಲಿಯುವವಳು ಹೆಣೆದದ್ದನ್ನು ಗುರು ನೋಡಿದ ಮೇಲೆ ಬಿಚ್ಚಬೇಕು. ಎಲ್ಲವನ್ನೂ, ಪ್ರತಿಸಲವೂ. ಹೆಣೆಯುವಾಗ ಕೈ ಅರ್ಧ ಕಲಿಯುತ್ತದೆ, ಬಿಚ್ಚುವಾಗ ಮಿಕ್ಕರ್ಧ ಎಂದು ಅಜ್ಜಿಯ ಲೆಕ್ಕ. ಬಿಚ್ಚಿದ ಬೆತ್ತ ಮತ್ತೆ ನೆಟ್ಟಗಾಗುವುದಿಲ್ಲ. ತಾನು ಎಲ್ಲಿ ಬಾಗಿತ್ತೋ, ಯಾವುದರ ಕೆಳಗೆ ನುಸುಳಿತ್ತೋ ಆ ಗುರುತನ್ನೆಲ್ಲ ಮೈಯಲ್ಲಿಟ್ಟುಕೊಂಡಿರುತ್ತದೆ. ಬಲ್ಲವರು ಆ ಕಟ್ಟನ್ನು ಕೈಯಲ್ಲಿ ಹಿಡಿದರೆ ಸಾಕು, ಅದು ಏನಾಗಿತ್ತು, ಎಷ್ಟು ಚೆನ್ನಾಗಿ ಆಗಿತ್ತು ಎಂದು ಹೇಳಿಬಿಡುತ್ತಾರೆ. ಎಂಟು ತಿಂಗಳಲ್ಲಿ ನಾನು ಹೆಣೆದದ್ದು ಹತ್ತೊಂಬತ್ತು, ಬಿಚ್ಚಿದ್ದೂ ಹತ್ತೊಂಬತ್ತು.

ಅರ್ಜಿಯ ಒಂಬತ್ತನೆಯ ಕಾಲಂ ಹೀಗಿತ್ತು: ‘ಶಿಷ್ಯರು ಸ್ವತಃ ತಯಾರಿಸಿದ ಪೂರ್ಣಗೊಂಡ ಕೃತಿಯ ಮಾದರಿಯನ್ನು ಲಗತ್ತಿಸಿ.’ ಓದಿಹೇಳಿದೆ. “ಕಳೆದ ವಾರದ ತೊಟ್ಟಿಲು ಕಳಿಸು. ಅದು ಪರವಾಗಿಲ್ಲ” ಎಂದರು ಅಜ್ಜಿ. ಮೊಳದುದ್ದದ ತೊಟ್ಟಿಲು ಅದು. ಬಿಚ್ಚಿ, ಒಣಗಿಸಿ, ಕಟ್ಟುಕಟ್ಟಿ ಇಟ್ಟಿದ್ದೆ. ಆ ಕಟ್ಟಿಗೇ ಬಟ್ಟೆ ಸುತ್ತಿ, ಅದುವರೆಗೂ ಖಾಲಿ ಬಿಟ್ಟಿದ್ದ ಆ ಕಾಲಮ್ಮಿನಲ್ಲಿ ‘ಚಿಕ್ಕ ತೊಟ್ಟಿಲು ಒಂದು, ಬಿಚ್ಚಿದ್ದು, ಬೆತ್ತ ನಲವತ್ತೊಂದು’ ಎಂದು ಅಚ್ಚುಕಟ್ಟಾಗಿ ಬರೆದು, ಐದನೆಯ ಸಲದ ಅರ್ಜಿಯನ್ನು ಟಪಾಲಿನಲ್ಲಿ ಕಳಿಸಿದೆ. ನನಗಾಗಲಿ ಅಜ್ಜಿಗಾಗಲಿ ಇದರಲ್ಲಿ ಏನಾದರೂ ಅಸಂಬದ್ಧವಿದೆಯೆಂದು ಹೊಳೆಯಲೇ ಇಲ್ಲ. ಇಂಥ ಬುದ್ಧಿವಂತಿಕೆ ನಮ್ಮ ಕಸುಬಿನವರಿಗೆ ಮಾತ್ರ ಸಾಧ್ಯ.

ಮುಂದೆ ಕಚೇರಿಯಲ್ಲಿ ನಡೆದದ್ದನ್ನು ಅಲ್ಲಿನ ಜವಾನರೇ ಆಮೇಲೆ ನನಗೆ ತಪ್ಪೊಪ್ಪಿಗೆಯಂತೆ ಹೇಳಿದರು. ಟಪಾಲು ಬಿಚ್ಚಿದವರು ಕಟ್ಟನ್ನು ನೋಡಿ, ತೊಟ್ಟಿಲು ಮುರಿಯದಿರಲೆಂದು ಸುತ್ತಲೂ ಕೊಟ್ಟ ಆಸರೆಯ ಕಡ್ಡಿಗಳಿವು ಎಂದುಕೊಂಡರಂತೆ, ತೊಟ್ಟಿಲಿಗಾಗಿ ಬಟ್ಟೆ ಕೊಡವಿ ನೋಡಿದರಂತೆ, ಇಲ್ಲ. ‘ಮಾದರಿ ಲಗತ್ತಿಸಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದರು. ಕಡ್ಡಿಗಳು ಒಳ್ಳೆಯವೆನಿಸಿ ಜವಾನರು ಕಿಟಕಿಯ ಬಳ್ಳಿಗೆ ಆಸರೆ ಕೊಟ್ಟರು. ಒಂದನ್ನು ಕಾವಲುಗಾರ ನಾಯಿ ಓಡಿಸಲು ಒಯ್ದ. ಇನ್ನೊಂದನ್ನು ಲೆಕ್ಕಪತ್ರ ವಿಭಾಗದ ಗಿಡ್ಡ ಗುಮಾಸ್ತರು ಮೇಲಿನ ಕಪಾಟಿನ ಕಡತ ಎಳೆಯಲು ಬೇಕೆಂದು ಇಸಿದುಕೊಂಡರು. ಅತ್ತ ನನ್ನ ಹೆಸರಿಗೆ ತಿರಸ್ಕಾರದ ಪತ್ರ ಟೈಪಾಗಿ ಮೇಷ್ಟ್ರ ಮೇಜಿಗೆ ಬಂತು. ಆ ಪತ್ರಕ್ಕೆ ರುಜು ಬಿದ್ದು ಹೊರಟಿದ್ದರೆ ನಿಯಮದಂತೆ ಮತ್ತೆರಡು ವರ್ಷ ನಾನು ಅರ್ಜಿ ಹಾಕುವಂತಿರಲಿಲ್ಲ. ಅಷ್ಟರಲ್ಲಿ ಅಜ್ಜಿಯ ಹೆಬ್ಬೆರಳು ಇರುತ್ತಿರಲಿಲ್ಲ.

ಮೇಷ್ಟ್ರು ರುಜು ಹಾಕುವ ಮುನ್ನ ಇಡೀ ಅರ್ಜಿ ಓದುವವರು. ಒಂಬತ್ತನೆಯ ಕಾಲಮ್ಮಿಗೆ ಬಂದು, ‘ಬಿಚ್ಚಿದ್ದು’ ಎಂಬಲ್ಲಿ ನಿಂತರು. ಲೇಖನಿ ಕೆಳಗಿಟ್ಟು, ಎಂದಿನಂತೆ ಅರೆಗಣ್ಣು ಮಾಡಿ ಕಿಟಕಿಯ ಕಡೆ ನೋಡುತ್ತ ಕೂತರು. ಎದುರಿಗೇ ಬಳ್ಳಿ. ಬಳ್ಳಿಗಿಂತ ಬಳ್ಳಿಯ ಕೋಲುಗಳೇ ಹೆಚ್ಚು ಸೊಗಸಾಗಿ ಬಾಗಿದ್ದವು. ಕೋಲಿಗೇಕೆ ಅಲೆಯಲೆಯಾಗಿ, ಅದೂ ಸಮ ಅಂತರದಲ್ಲಿ, ಅಷ್ಟು ಬಳುಕು? ಎದ್ದುಹೋಗಿ ಒಂದನ್ನು ಕಿತ್ತರು. ಆಮೇಲೆ ಕಚೇರಿಯೆಲ್ಲ ಹುಡುಕಾಟ! ಮೇಜಿನ ಕೆಳಗೆ ಬಗ್ಗಿ, ಕಾವಲುಗಾರನೊಡನೆ ವಾದ ಮಾಡಿ, ಗುಮಾಸ್ತರಿಗೆ ತಮ್ಮ ಕೊಡೆ ಕೊಟ್ಟು, ಸಂಜೆಯೊಳಗೆ ನಲವತ್ತನ್ನು ಒಟ್ಟು ಮಾಡಿದರು. ನಲವತ್ತೊಂದನೆಯದು ಕಡೆಗೂ ಸಿಗಲಿಲ್ಲ.

ಶನಿವಾರ ಮಧ್ಯಾಹ್ನ ನಮ್ಮ ಗಲ್ಲಿಯಲ್ಲಿ ಅವರು ಕಾಣಿಸಿಕೊಂಡರು. ಕಂಕುಳಲ್ಲಿ ಬೆತ್ತದ ಕಟ್ಟು, ಕೈಯಲ್ಲಿ ನನ್ನ ಕಡತ. ವಿಭಾಗಾಧಿಕಾರಿ ಬೇಕೆನಿಸಿದರೆ ಸ್ಥಳ ಪರಿಶೀಲನೆ ಮಾಡಬಹುದೆಂಬ ಒಂದು ನಿಯಮ ಪುಸ್ತಕದಲ್ಲಿತ್ತಂತೆ. ಅದುವರೆಗೆ ಯಾರಿಗೂ ಬೇಕೆನಿಸಿರಲಿಲ್ಲ. ಮೇಷ್ಟ್ರು ಬಾಗಿಲಲ್ಲೇ ನಿಂತು, “ಅಮ್ಮಾ, ನಿಮ್ಮ ಶಿಷ್ಯೆ ಮಾಡಿರೋ ಕೃತಿ ನೋಡಬೇಕಿತ್ತು” ಎಂದರು.

ಅಜ್ಜಿ ತಲೆಯೆತ್ತದೆ, “ನಿಮ್ಮ ಕಂಕುಳಲ್ಲೇ ಇದೆಯಲ್ಲಪ್ಪ” ಎಂದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ಅಜ್ಜಿ ಕಟ್ಟನ್ನು ತೊಟ್ಟಿಯಲ್ಲಿ ಮುಳುಗಿಸಿದರು. ತೊಟ್ಟಿಯ ಮೇಲಿನ ಬೆಳಕು ಸೂರಿನಡಿಯಲ್ಲಿ ತೇಲಾಡುತ್ತಿತ್ತು. ಅವರು ಅದನ್ನೇ ನೋಡುತ್ತ, ಆ ಕೋಣೆಯಲ್ಲೇ ಹುಟ್ಟಿ ಬೆಳೆದವರಂತೆ ಕೂತಿದ್ದರು. ನೆನೆದ ಮೇಲೆ ಅಜ್ಜಿ ಒಂದು ಬೆತ್ತ ತೆಗೆದು ಅವರ ಕೈಗಿತ್ತರು. “ನೀವೇ ಇಡಿ. ಅದಕ್ಕೆ ಗೊತ್ತು ಎಲ್ಲಿಗೆ ಹೋಗಬೇಕು ಅಂತ. ನೀವು ಅಡ್ಡ ಬರಬೇಡಿ, ಅಷ್ಟೇ.” ಮೇಷ್ಟ್ರು ಇಟ್ಟರು. ಎರಡನೆಯದನ್ನು ಅದರ ಮೇಲಿಟ್ಟರು. ಬಳುಕಿಗೆ ಬಳುಕು ಸೇರಿಕೊಂಡಿತು. ಹತ್ತನೆಯ ಬೆತ್ತದ ಹೊತ್ತಿಗೆ ಅವರ ಮುಖದಲ್ಲಿ ನಾನು ಕಂಡದ್ದನ್ನು ಹೇಳಲು ನನಗೆ ಮಾತು ಸಾಲದು. ನಿದ್ದೆಯಲ್ಲಿ ನಗುವ ಮಗುವಿನ ಮುಖದಲ್ಲಿ ಅಂಥದ್ದನ್ನು ಕಂಡಿದ್ದೇನೆ. ಗೋಡೆಗೆ ಮೊಳೆ ಹೊಡೆಯಲು ಬಾರದ ಆ ಕೈಗಳಲ್ಲಿ, ಸೊಟ್ಟಪಟ್ಟವಾಗಿಯಾದರೂ, ನನ್ನ ತೊಟ್ಟಿಲು ಮೆಲ್ಲಗೆ ಎದ್ದು ನಿಲ್ಲುತ್ತಿತ್ತು.

ಒಂದು ಕಡೆ ಬೆತ್ತ ಒಗ್ಗಲಿಲ್ಲ. ಮೇಲೆ ಹೋಗಬೇಕಾದದ್ದು ಕೆಳಗೆ ಬಾಗಿತ್ತು. ಮೇಷ್ಟ್ರು ಹಿಂದೆ ಮುಂದೆ ಮಾಡಿ ನೋಡಿ, “ಇಲ್ಲಿ ತಪ್ಪಿದೆಯಲ್ವಾ?” ಎಂದರು.

“ತಪ್ಪೇ” ಎಂದರು ಅಜ್ಜಿ. “ಅದು ಇವಳದು. ಐವತ್ತು ವರ್ಷದಿಂದ ನನ್ನ ಕೈಲಿ ಆ ತಪ್ಪು ಬಂದಿಲ್ಲ.”

ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ. ಮೇಷ್ಟ್ರು ಮಾತ್ರ ಕನ್ನಡಕ ಒರೆಸಿಕೊಂಡು ಕಡತ ಬಿಡಿಸಿ ಏನೋ ಬರೆದುಕೊಂಡರು. ಬರೆದದ್ದೇನೆಂದು ಅಂದು ತಿಳಿಯಲಿಲ್ಲ. ಹೊರಡುವಾಗ, “ಎರಡು ದಿನ ಇದನ್ನ ಬಿಚ್ಚಿ ನಾನೇ ಇಟ್ಕೋತೀನಿ” ಎಂದು ಕಟ್ಟನ್ನು ಒಯ್ದರು.

ಸಮಿತಿಯ ಸಭೆಗೆ ಅವರು ಒಂದು ಬಕೆಟ್ ನೀರಿನೊಂದಿಗೆ ಹೋದರೆಂಬುದು ಆ ಕಚೇರಿಯಲ್ಲಿ ಇಂದಿಗೂ ದಂತಕತೆ. ಬಾಗಿಲ ಬಳಿ ನಿಂತಿದ್ದ ಜವಾನರು ಹೇಳಿದಂತೆ, ಅಧ್ಯಕ್ಷರು ಮೊದಲೇ ರೇಗಿದ್ದರು. “ಇವತ್ತು ಕಡ್ಡಿ ಕಟ್ಟು ತಂದು ತೊಟ್ಟಿಲು ಅಂತೀರಿ. ನಾಳೆ ಇನ್ನೊಬ್ಬರು ಒಂದು ಮುಷ್ಟಿ ಮಣ್ಣು ತಂದು ಮಡಕೆ ಅಂತಾರೆ. ಆಗೇನ್ರೀ ಮಾಡೋದು?” ಮೇಷ್ಟ್ರು ಮೂವರು ಸದಸ್ಯರ ಕೈಗೂ ಒಂದೊಂದು ಒದ್ದೆ ಬೆತ್ತ ಕೊಟ್ಟು, ಒಂದರ ಮೇಲೊಂದು ಇಡಲು ಹೇಳಿದರು. ಅಧ್ಯಕ್ಷರ ತೋಳು ತೊಯ್ದಿತು. ಸಭೆ ಒಂದು ಗಂಟೆ ಎಳೆಯಿತು. ಕೊನೆಗೆ ಆ ಒಗ್ಗದ ಜಾಗಕ್ಕೆ ಬಂದು ಅಧ್ಯಕ್ಷರೇ, “ಇಲ್ಲೇನೋ ತಪ್ಪಾಗಿದೆ” ಎಂದರಂತೆ. ಆಗ ಮೇಷ್ಟ್ರು ಕಡತ ತೆರೆದು ತಮ್ಮ ಟಿಪ್ಪಣಿ ಓದಿದರು: ‘ಕೃತಿಯು ಶಿಷ್ಯರ ಸ್ವಂತದ್ದೆಂಬುದಕ್ಕೆ ಅದರಲ್ಲಿನ ದೋಷವೇ ಸಾಕ್ಷಿ. ಈ ದೋಷವನ್ನು ತಿದ್ದಬಲ್ಲ ಗುರು ಒಬ್ಬರೇ ಇದ್ದಾರೆ. ಅವರಿಗಿರುವ ಕಾಲ ಒಂದು ವರ್ಷ.’ ಓದಿ ಕಡತ ಮುಚ್ಚಿದರಂತೆ.

ಮಂಜೂರಾತಿ ಪತ್ರ ಅಣ್ಣನ ಗಡುವಿಗೆ ಸರಿಯಾಗಿ ಬಂದಿದ್ದರೆ ಚೆನ್ನಿತ್ತು, ಬರಲಿಲ್ಲ. ಒಂಬತ್ತು ದಿನ ನಾನು ಇಡೀ ದಿನ ಕೌಂಟರಿನಲ್ಲಿ ನಿಂತು ಕೆಮ್ಮಿನ ಔಷಧಿ ಮಾರಿದೆ. ಹತ್ತನೆಯ ದಿನ ಅಮ್ಮ ಪತ್ರ ಹಿಡಿದುಕೊಂಡು, ಬಿಸಿಲಲ್ಲಿ, ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬಂದಳು. “ಅಂಗಡಿ ಎಲ್ಲಿಗೂ ಓಡಿಹೋಗಲ್ಲ ಕಣೋ, ಅವಳನ್ನ ಬಿಡು” ಎಂದು ಅಣ್ಣನಿಗೆ ಹೇಳುತ್ತ ನನ್ನ ಕೈಹಿಡಿದು ಎಳೆದಳು. ಗಿರಾಕಿಯ ಕೈಗೆ ಚಿಲ್ಲರೆ ಕೊಟ್ಟೆನೋ ಇಲ್ಲವೋ ಇಂದಿಗೂ ನೆನಪಿಲ್ಲ.

ಆ ವರ್ಷವನ್ನು ನಾನು ದಿನಗಳಾಗಿ ನೆನೆಯಲಾರೆ. ಅದೊಂದೇ ದೀರ್ಘ ಮಧ್ಯಾಹ್ನದಂತೆ ಮನಸ್ಸಿನಲ್ಲಿದೆ. ಹೆಣೆದೆ, ಬಿಚ್ಚಿದೆ. ಅಜ್ಜಿಯ ಹೆಬ್ಬೆರಳಿಗೆ ಬಲವಿದ್ದ ಬೆಳಗಿನ ಹೊತ್ತಿನಲ್ಲೆಲ್ಲ ಅಂಚಿನ ಪಾಠ. ಬಲ ಇಳಿದ ಮೇಲೆ ಅವರು ನನ್ನ ಹೆಬ್ಬೆರಳ ಮೇಲೆ ತಮ್ಮ ಅಂಗೈಯಿಟ್ಟು ಒತ್ತಿ ಹೇಳುತ್ತಿದ್ದರು. ವರ್ಷದ ಕೊನೆಗೆ ನಿಯಮದಂತೆ ಅಂತಿಮ ಪರಿಶೀಲನೆಗೆ ಮೇಷ್ಟ್ರು ಬಂದರು. ಆ ದಿನ ನಾನು ಪೂರ್ಣ ಅಳತೆಯ ಒಂದು ತೊಟ್ಟಿಲಿನ ಅಂಚನ್ನು ಮೊದಲ ಸಲ ಒಬ್ಬಳೇ ಕಟ್ಟಿ ಮುಗಿಸಿದ್ದೆ. ಅಜ್ಜಿ ಅದರ ಸುತ್ತ ಅಂಗೈಯಾಡಿಸಿದರು. ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಬಿಚ್ಚಬೇಕೆಂದೇ ಅರ್ಥ. ನಾನು ಬಿಚ್ಚುವ ಕೊಕ್ಕೆಯನ್ನು ಅಂಚಿಗೆ ಹಾಕಿದೆ.

ಅಜ್ಜಿ ನನ್ನ ಕೈಮೇಲೆ ಕೈಯಿಟ್ಟರು. “ಬೇಡ. ಇದು ಇರ್ಲಿ.”

ನಾನು ಅತ್ತೆನೆಂದು ಬರೆಯಲು ನನಗೆ ಸಂಕೋಚವಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ. ಸೂರಿನಡಿಯ ಬೆಳಕನ್ನು ನೋಡುತ್ತಿದ್ದರು, ಕಡೆಗೆ ಕಡತ ಬಿಡಿಸಿ, “ಅಮ್ಮಾ, ವರದಿಗೆ ನಿಮ್ಮದೊಂದು ರುಜು ಬೇಕಿತ್ತು” ಎಂದರು. ಅದಾದ ಎರಡು ತಿಂಗಳಿಗೆ ಅಜ್ಜಿ ಬೆತ್ತ ಹಿಡಿಯುವುದನ್ನು ನಿಲ್ಲಿಸಿದರು. ಆ ತೊಟ್ಟಿಲನ್ನು, ನಾಲ್ಕು ದಿನ ಬಾಗಿಲಲ್ಲಿ ಸುಳಿದಾಡಿ, ಐದನೆಯ ದಿನ ಬಾಯಿಬಿಟ್ಟು ಕೇಳಿ ಒಯ್ದವನು ಅಣ್ಣ. ಅವನ ಮಗಳು ಅದರಲ್ಲಿ ಮಲಗಿ ಬೆಳೆದಳು.

ತದನಂತರದ ವರ್ಷಗಳಲ್ಲಿ ಮೇಷ್ಟ್ರು ಅನೇಕರಿಗೆ ನೆರವಾದುದನ್ನು ಈ ಗ್ರಂಥದ ಇತರ ಲೇಖಕರು ವಿವರಿಸಿದ್ದಾರೆ. ನಾನು ಒಂದನ್ನು ಮಾತ್ರ ಸೇರಿಸುತ್ತೇನೆ. ಒಂಬತ್ತನೆಯ ಕಾಲಮ್ಮಿನಿಂದ ‘ಪೂರ್ಣಗೊಂಡ’ ಎಂಬ ಪದವನ್ನು ತೆಗೆಸಲು ಅವರು ಹನ್ನೊಂದು ವರ್ಷ ಟಿಪ್ಪಣಿಯ ಮೇಲೆ ಟಿಪ್ಪಣಿ ಬರೆದರು. ನಿವೃತ್ತಿಗೆ ಎರಡು ವರ್ಷ ಮುನ್ನ ಅದು ಹೋಯಿತು. ಈಗ ಯಾರು ಬೇಕಾದರೂ, ಏನನ್ನಾದರೂ ಅರ್ಧಕ್ಕೆ ತಂದು ಆ ಮೇಜಿನ ಮೇಲಿಡಬಹುದು. ನನ್ನ ಬಳಿ ಕಲಿಯುತ್ತಿರುವ ಇಬ್ಬರೂ ಹಾಗೆಯೇ ಬಂದವರು.

ಮೊನ್ನೆ ಅಜ್ಜಿಗೆ ಈ ಲೇಖನದ ವಿಚಾರ ಹೇಳಿ, ಏನು ಬರೆಯಲಿ ಎಂದು ಕೇಳಿದೆ. ಎಂಬತ್ತೊಂದರ ಅಜ್ಜಿ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಹೋದರೇನೋ ಎಂದುಕೊಂಡೆ. “ಬಂದ್ರು, ಚಾಪೆ ಮೇಲೆ ಕೂತ್ರು, ಕೈಲಿ ಹಿಡಿದು ನೋಡಿದ್ರು ಅಂತ ಬರಿ” ಎಂದರು. “ಅಷ್ಟು ಮಾಡೋರು ಎಷ್ಟು ಜನ ಸಿಕ್ತಾರೆ?”

ಮೇಷ್ಟ್ರೇ, ತಮ್ಮ ಕಣ್ಣಿನ ಬೆಳಕು, ಮಂಡಿಯ ಬಲ ಇನ್ನೂ ಬಹುಕಾಲ ಉಳಿಯಲಿ. ಕಿಟಕಿಯ ಪಕ್ಕದ ಮಧ್ಯಾಹ್ನಗಳು ತಮಗೆ ಧಾರಾಳವಾಗಿ ದೊರೆಯಲಿ. ಶ್ರೀಮತಿಯವರು ಮೊಳೆ ಹೊಡೆಯಲು ಹೇಳಿದಾಗಲೆಲ್ಲ ತಪ್ಪಿಸಿಕೊಂಡು ನಮ್ಮಂಥವರ ಬಾಗಿಲುಗಳಿಗೆ ತಾವು ಬರುತ್ತಲೇ ಇರುವಂತಾಗಲಿ. ಆ ಪತ್ರಕ್ಕೆ ಅಂದು ತಾವು ರುಜು ಹಾಕಿದ್ದರೆ ಯಾರೂ ತಮ್ಮನ್ನು ತಪ್ಪೆನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. ಅಜ್ಜಿಯ ವಿದ್ಯೆ ಅಜ್ಜಿಯ ಹೆಬ್ಬೆರಳಿನೊಂದಿಗೇ ಹೋಗುತ್ತಿತ್ತು, ನಾನು ಇವತ್ತಿಗೂ ಆ ಕೌಂಟರಿನ ಹಿಂದೆ ನಿಂತಿರುತ್ತಿದ್ದೆ. ತಾವು ಬಂದಿರಿ. ಅದಕ್ಕೇ ನಾನು ಈ ಚಾಪೆಯ ಮೇಲಿದ್ದೇನೆ.